ಹಾರೆಯ ಕೈಗೊಂದು ಹಾರ

ರೈಲುಹಳಿಯ ನೇರವನ್ನು ಬರಿಗಣ್ಣಿನಲ್ಲಿ ಅಳೆಯಬಲ್ಲ ತಂಡದ ಮೇಸ್ತ್ರಿಗಳ, ಅಂದರೆ ಮುಕಾದಮರ ಸಾಲಿನಲ್ಲಿ ಶ್ರೀ ಸೋಪಾನ ಖಂಡಾಗಳೆಯವರ ಸ್ಥಾನ ಯಾವುದೆಂದು ಕೇಳಿದರೆ, ಮರಾಠವಾಡದ ಖಡಕವಾಡಿ ನಿಲ್ದಾಣದ ಹಳಿ ಕೆಲಸಗಾರರೆಲ್ಲ ಒಂದೇ ಉತ್ತರ ಕೊಡುತ್ತಾರೆ: ಎಲ್ಲರಿಗಿಂತ ಹಿಂದೆ. ಇದು ನಿಂದೆಯಲ್ಲ. ಹನ್ನೆರಡು ಜನ ಹಾರೆ ಹಾಕಿ ಹಳಿ ಮೀಟುವಾಗ, ಮುಕಾದಮನಾದವನು ಐವತ್ತು ಹೆಜ್ಜೆ ಹಿಂದೆ ಮೊಣಕಾಲೂರಿ, ಕೆನ್ನೆಯನ್ನು ಕಾದ ಕಬ್ಬಿಣದ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ, ಎಡಕ್ಕೋ ಬಲಕ್ಕೋ ಕೂಗಿ ಹೇಳಬೇಕು. ಮುಂದಾಳು ಎಂಬ ನಮ್ಮ ಪದದಲ್ಲಿ ‘ಮುಂದೆ’ ಬರೀ ಅಲಂಕಾರ, ‘ಆಳು’ ಮಾತ್ರ ನಿಜ ಎಂಬುದನ್ನು ಮೂವತ್ತಾರು ವರ್ಷ ಮೊಣಕಾಲಿನ ಮೇಲೆ ಬಾಳಿ ತೋರಿಸಿದವರು ಅವರು.

ಹೆಸರೇ ಸೋಪಾನ. ಹತ್ತಿ ಹೋದ ಸಾಹೇಬರು ಹದಿನೇಳು ಮಂದಿ. ಮೆಟ್ಟಿಲು ಇದ್ದಲ್ಲೇ ಇತ್ತು. ಆದರೆ ಇದ್ದಲ್ಲಿ ಕೂತದ್ದು ಮಾತ್ರ ಇಲ್ಲ. ಊಟದ ಹೊತ್ತಿನಲ್ಲೂ ಭಾಕರಿಯ ಮೇಲೆ ಮೆಣಸಿನಕಾಯಿಯ ಠೇಚಾ ಹಚ್ಚಿಕೊಂಡು ಹಳಿಗುಂಟ ತಿರುಗುವ ಜೀವ ಅದು. ಗಂಡ ತೀರಿಕೊಂಡ ಮೇಲೆ ಅವನ ಕೆಲಸಕ್ಕೆ ಸೇರಿದ ವೈಜಂತಾ ಸಾಳವೆಗೆ ಉಳಿದವರು ನೀರಿನ ಕೊಡ ತೋರಿಸಿದಾಗ, ಆರು ಹಾರೆಗಳನ್ನು ಎತ್ತಿ ತೂಗಿ, ಅವಳ ಕೈಗೆ ಒಗ್ಗುವ ಒಂದನ್ನು ಆರಿಸಿ ಕೊಟ್ಟವರು ಇವರೇ.

ಕೊನೆಯ ಸಾಹೇಬರಾದ ಕುಲಥೆಯವರಿಗೆ ಗುರಿಯ ಹುಚ್ಚು. ದಿನಕ್ಕೆ ಇಷ್ಟು ಮೀಟರ್ ಎಂದು ಹಲಗೆ ಬರೆಸಿ ನಿಲ್ಲಿಸಿದರು. "ಗುರಿ ಅವರದು, ಕುರಿ ನಾವು" ಎಂದು ತಂಡ ನಕ್ಕಿತು. ಸೋಪಾನರು ನಗಲಿಲ್ಲ. ಆ ವರ್ಷ ಅವರ ಕಣ್ಣಿಗೆ ಪೊರೆ ಕವಿಯುತ್ತಿತ್ತು; ಹಳಿಯ ತುದಿ ಹೊಗೆಯಲ್ಲಿ ಕರಗುತ್ತಿತ್ತು. ಹೇಳಿದರೆ ತಂಡ ಕೈತಪ್ಪುತ್ತದೆ, ಹೇಳದಿದ್ದರೆ ಗಾಡಿ ಹಳಿತಪ್ಪುತ್ತದೆ. ಈ ಎರಡು ತಪ್ಪುಗಳ ನಡುವೆ ಅವರು ತಿಂಗಳುಗಟ್ಟಲೆ ಶತಪಥ ಹಾಕಿದರು.

ಒಂದು ಮಧ್ಯಾಹ್ನ, ಗಾಡಿಗೆ ಇನ್ನು ನಲವತ್ತು ನಿಮಿಷವಿರುವಾಗ, "ಆಯ್ತು, ನೇರ ಬಂತು" ಎಂದು ಕೂಗಿದರು.

"ಎಲ್ಲಿ ಬಂತು ಬಾಪೂ? ಇನ್ನೂ ಒಂದು ಬೆರಳು ಡೊಂಕೈತಿ" ಎಂದಳು ವೈಜಂತಾ.

ಮುಕಾದಮನ ಕಣ್ಣಿಗೆ ಎದುರಾಡುವ ಪದ್ಧತಿ ಆ ಹಳಿಯ ಮೇಲೆ ಇರಲಿಲ್ಲ.

"ಬಾಪೂ ಕಣ್ಣಿಗಿಂತ ನಿನ್ನ ಕಣ್ಣು ದೊಡ್ಡದೇನ?" ಎಂದು ಹಿರಿಯ ರಾಮಭಾವು ಗದರಿದ.

ಸೋಪಾನರು ಎದ್ದು ಬಂದರು. ಬೈಗುಳ ಬೀಳುತ್ತದೆಂದು ಎಲ್ಲರೂ ಕಾದರು. ಅವರು ಅವಳ ಹಾರೆ ಇಸಿದುಕೊಂಡು ಹೇಳಿದ್ದಿಷ್ಟೇ: "ಹೋಗವ್ವಾ, ನನ್ನ ಜಾಗದಾಗ ಕೂತು ನೋಡು."

ಅವಳು ಮೊಣಕಾಲೂರಿ ನೋಡಿ, "ಎಡಕ್ಕ!" ಎಂದಳು. ಹನ್ನೊಂದು ಹಾರೆಗಳು ಅಲುಗಲಿಲ್ಲ. ಸೋಪಾನರು ಒಬ್ಬರೇ ಮೀಟಿದರು. ಒಬ್ಬನ ಬಲಕ್ಕೆ ಹಳಿ ಕದಲುತ್ತದೆಯೇ? ಮತ್ತೆ ಕೂಗಿದಳು, ಮತ್ತೆ ಒಬ್ಬರೇ, ಕುತ್ತಿಗೆಯ ನರ ಉಬ್ಬುವ ಹಾಗೆ. ಮೂರನೆಯ ಸಲ ರಾಮಭಾವು, "ಥೂ, ಮುದುಕ ಸಾಯ್ತಾನ್ರೋ!" ಎನ್ನುತ್ತ ಹಾರೆ ಹಾಕಿದ. ಅವನ ಹಿಂದೆ ಎಲ್ಲರೂ ಹಾಕಿದರು. ಹಳಿ ಸರಿಯಿತು. ಗಾಡಿ ಹೊತ್ತಿಗೆ ಸರಿಯಾಗಿ, ಕುಲುಕದೆ ಹೋಯಿತು.

ಸಂಜೆ ಸೋಪಾನರು ನೇರ ಸಾಹೇಬರ ಮುಂದೆ ನಿಂತು ಕಣ್ಣಿನ ಪೊರೆಯ ಸಂಗತಿ ಹೇಳಿದರು. ಕುಲಥೆಯವರು ಕೆಟ್ಟವರಲ್ಲ, "ನಿವೃತ್ತಿಗೆ ಎರಡೇ ವರ್ಷ ಅಲ್ವಾ ಬಾಪೂ? ಕಣ್ಣು ಮುಚ್ಚಿ ಕಳೆದುಬಿಡಿ" ಎಂದರು.

"ಒಂದು ಕಣ್ಣು ಕೆಲಸಕ್ಕಂತ ಮುಚ್ಚತೀನ್ರೀ ಸಾಹೇಬ್ರ. ಇನ್ನೊಂದು ತಾನೇ ಮುಚ್ಚೇತಿ. ಗಾಡಿ ಯಾರು ನೋಡಬೇಕು?"

ಮರುದಿನವೇ ಅವರು ವೈದ್ಯರ ಮುಂದೆ ಕೂತು, ಕಾಣದ ಅಕ್ಷರಗಳನ್ನು ಕಾಣದು ಎಂದೇ ಹೇಳಿ, ಹಳಿಯಿಂದ ಇಳಿದರು. ಉಳಿದೆರಡು ವರ್ಷ ಉಗ್ರಾಣದಲ್ಲಿ ಹಾರೆ ಎಣಿಸಿ ಕೊಡುವ ಕೆಲಸ. ಗಾಡಿಯ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹೊಸ ಮುಕಾದಮಳಾಗಿ ಯಾರ ಹೆಸರು ಬರೆದುಕೊಟ್ಟರೆಂದು ಬೇರೆ ಹೇಳಬೇಕಿಲ್ಲ. ರಾಮಭಾವು ಒಂದು ವಾರ ಮಾತು ಬಿಟ್ಟದ್ದನ್ನು ಮಾತ್ರ ದಾಖಲಿಸಬೇಕು.

ಈಗ ನಿವೃತ್ತರಾಗಿ ಪೊರೆ ತೆಗೆಸಿದ್ದಾರೆ, ಲೋಕ ನಿಚ್ಚಳವಾಗಿದೆ. ಹೋದ ವಾರ ವೈಜಂತಾಳನ್ನು ಕೇಳಿದರಂತೆ: "ಒಂದಿನ ಬರಲೇನವ್ವಾ, ನೋಡಾಕ?"

"ಬರ್ರಿ ಬಾಪೂ. ಆದ್ರ ಬಾಯಿ ಬಿಡಂಗಿಲ್ಲ."

ಹೋಗಿದ್ದಾರೆ. ಎರಡೂ ಕೈ ಕಂಕುಳಲ್ಲಿ ಬಿಗಿದುಕೊಂಡು, ತುಟಿ ಕಚ್ಚಿ, ಕಾಲು ಬದಲಿಸುತ್ತ, ಅವಳ ಬೆನ್ನ ಹಿಂದೆ ಒಂದು ಗಂಟೆ ನಿಂತು ಬಂದಿದ್ದಾರೆ. ಅವರಿಗೆ ನೂರು ತುಂಬಲಿ. ಸುಮ್ಮನಿರುವ ಈ ಹೊಸ ಕೆಲಸದಲ್ಲಿ ಅವರ ಕೈ ಬೇಗ ಪಳಗದಿರಲಿ.