ಸೈಕಲ್ಲಿಗೆ ಕಾಲಂ ಇಲ್ಲದ ರಿಜಿಸ್ಟರ್

ಇದನ್ನು ಬರೆಯಲು ಕೂತು ಎದ್ದುಹೋದದ್ದು ಎಷ್ಟು ಸಲವೋ ನೆನಪಿಲ್ಲ. ಮೊದಲು ನೌಕರಿ ಹೋದೀತೆಂಬ ಭಯವಿತ್ತು. ನಿವೃತ್ತನಾದ ಮೇಲೆ ಆ ಭಯವೂ ಇರಲಿಲ್ಲ, ಆದರೂ ಮುಂದೂಡಿದೆ. ಗುರುನಾಥ ಸಾಹೇಬರು ತೀರಿಕೊಂಡು ಈಗ ಎರಡು ತಿಂಗಳು. ಇನ್ನೂ ತಡಮಾಡಿದರೆ ನನ್ನ ಸರದಿಯೇ ಬಂದೀತು.

೨೦೦೧ರಲ್ಲಿ ನಾನು ಹೈದರಾಬಾದಿನ ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯ ಗೇಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದೆ. ಊರು ಬೀದರ್, ಓದಿದ್ದು ಎಸ್ಸೆಸ್ಸೆಲ್ಸಿ. ಸುತ್ತಲೂ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ನನ್ನ ವಶದಲ್ಲಿ ಎರಡು ರಿಜಿಸ್ಟರ್‌ಗಳಿದ್ದವು. ಒಂದು ವಾಹನಗಳದ್ದು, ನಂಬರ್ ಪ್ಲೇಟ್ ನೋಡಿ ಬರೆದುಕೊಂಡು ಸ್ಟಿಕ್ಕರ್ ಕೊಡುತ್ತಿದ್ದೆ. ಇನ್ನೊಂದು ಮೆಟೀರಿಯಲ್ ರಿಜಿಸ್ಟರ್. ಪ್ರೊಜೆಕ್ಟರ್, ಏಣಿ, ಕಂಪ್ಯೂಟರ್ ಹೀಗೆ ಒಳಗೆ ಬಂದು ಮತ್ತೆ ಹೊರಗೆ ಹೋಗುವ ಸಾಮಾನು ಅದರಲ್ಲಿ ದಾಖಲಾಗಬೇಕು. ಹೊರಗೆ ಬಿಡಲು ಆಡಳಿತಾಧಿಕಾರಿಯ ಸಹಿಯಿದ್ದ ಗೇಟ್ ಪಾಸ್ ಬೇಕು. ಅಧಿಕಾರಿ ಸಿಗದಿದ್ದರೆ ನಾನೇ ಸಹಿ ಹಾಕಿ ಬಿಡಬಹುದಿತ್ತು. ಪ್ರೊಜೆಕ್ಟರ್‌ಗಳನ್ನು ಹಾಗೆ ಎಷ್ಟೋ ಸಲ ಬಿಟ್ಟಿದ್ದೆ.

ಗುರುನಾಥ ಸಾಹೇಬರು ಗದಗ ಕಡೆಯವರು, ಟೆಸ್ಟಿಂಗ್ ವಿಭಾಗದ ಎಂಜಿನಿಯರ್, ವಯಸ್ಸು ನಲವತ್ತರ ಆಸುಪಾಸು. ಸಿಕಂದರಾಬಾದಿನಿಂದ ಹದಿನಾರು ಹದಿನೇಳು ಕಿಲೋಮೀಟರ್ ದಿನಾ ಸೈಕಲ್ ತುಳಿದು ಬರುತ್ತಿದ್ದರು. ಹಿಂದಿನ ಕ್ಯಾರಿಯರ್ ಮೇಲೆ ಹಳೇ ಜಮಖಾನೆ ಮಡಚಿ ಹೊಲಿದ ಮೆತ್ತೆ. ಮಗಳ ಕಾಲು ಚಕ್ರದ ಕಡ್ಡಿಗೆ ಸಿಗದಿರಲೆಂದು ಎರಡೂ ಕಡೆ ಬೆಸುಗೆ ಹಾಕಿಸಿದ, ಪಾದ ಇಡುವ ಕಂಬಿ. ಹೆಂಡತಿಗೆ ಗುಲಬರ್ಗಾದಲ್ಲಿ ಬ್ಯಾಂಕ್ ನೌಕರಿ. ಇಲ್ಲಿ ಅವರು, ಮೂರನೇ ಇಯತ್ತೆ ಓದುವ ಮಗಳು, ಇಬ್ಬರೇ. ಸಂಜೆ ಸಿಕಂದರಾಬಾದಿನ ಶಾಲೆಯಿಂದ ಆಕೆಯನ್ನು ಅವರೇ ಕರೆದೊಯ್ಯಬೇಕು.

ಮೊದಲ ದಿನ ನಾನು ಚುಡಾಯಿಸಿದ್ದೆ. "ಸಾಹೇಬರ, ನಿಮ್ಮ ಗಾಡಿ ಎಷ್ಟ್ ಮೈಲೇಜ್ ಕೊಡ್ತದ?"

"ಎರಡು ರೊಟ್ಟಿಗೆ ಇಲ್ಲಿತನಕ ಬರತೈತ್ರಿ. ಶೇಂಗಾ ಚಟ್ನಿ ಹಾಕಿದ್ರ ವಾಪಸ್ಸೂ ಹೋಗತೈತಿ," ಎಂದು ನಕ್ಕರು.

ಸೈಕಲ್ಲಿಗೆ ನಂಬರ್ ಪ್ಲೇಟ್ ಇಲ್ಲ. ವಾಹನ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹಾಗಾಗಿ ಮೆಟೀರಿಯಲ್ ರಿಜಿಸ್ಟರಿನಲ್ಲಿ ಏಣಿಯ ಕೆಳಗೆ 'ಸೈಕಲ್, ಒಂದು' ಎಂದು ಬರೆದೆ. ಹಾಗೆ ಬರೆಯಲು ಯಾರೂ ಹೇಳಿರಲಿಲ್ಲ, ಅದು ನನ್ನದೇ ರೂಲು. ಅವತ್ತಿನಿಂದ ಅವರು ತಮ್ಮ ಸೈಕಲ್ಲನ್ನು ತಾವೇ ಹೊರಗೊಯ್ಯಲು ದಿನಾ ಸಂಜೆ ಪಾಸ್ ತರಬೇಕಾಯಿತು. ಮೂರು ತಿಂಗಳು ಗೊಣಗದೆ ತಂದರು. ಒಂದು ದಿನ ಮಾತ್ರ, "ಈ ರೂಲು ಎಲ್ಲಿ ಬರದೈತಿ, ಒಂಚೂರು ತೋರಸ್ರಿ" ಎಂದರು. ನನ್ನ ಕೈಕೆಳಗಿನ ಗಾರ್ಡುಗಳ ಎದುರೇ ಕೇಳಿದ್ದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಒಳಗೇ ಉರಿದುಕೊಂಡೆ.

ಮರುದಿನ ನಾಲ್ಕೂ ನಲವತ್ತಕ್ಕೆ ಅವರು ಗೇಟಿಗೆ ಬಂದಾಗ ಆಡಳಿತಾಧಿಕಾರಿ ಬೇರೆ ಕಟ್ಟಡದಲ್ಲಿ ಮೀಟಿಂಗಿನಲ್ಲಿದ್ದರು. ಪಾಸಿನ ಮೇಲೆ ಸಹಿ ಇರಲಿಲ್ಲ.

"ಇವತ್ತೊಂದಿನ ಬಿಡ್ರಿ. ಆರಕ್ಕ ಸಾಲಿ ಬಾಗಲಾ ಹಾಕ್ತಾರ. ಕೂಸು ಕಾಯಾಕತ್ತಿರತೈತಿ."

"ರೂಲ್ ಅಂದ್ರ ರೂಲ್ ಅದರಿ. ಸೈಕಲ್ ಇಲ್ಲೇ ಇರ್ಲಿ. ಆಟೋದಾಗ ಹೋಗ್ರಿ, ಎಂಜಿನಿಯರ್ ಇದ್ದೀರಿ."

ಪೆನ್ನು ನನ್ನ ಜೇಬಿನಲ್ಲೇ ಇತ್ತು. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಸೈಕಲ್ಲನ್ನು ಗೋಡೆಗೆ ಒರಗಿಸಿ ರಸ್ತೆಗೆ ಓಡಿದರು.

ಅವತ್ತು ಯಾರೋ ದೊಡ್ಡ ಮನುಷ್ಯರ ಕಾರುಗಳು ಸಾಗಬೇಕೆಂದು ಬೇಗಂಪೇಟೆಯ ರಸ್ತೆಯನ್ನು ತಡೆದಿದ್ದರು. ಸೈಕಲ್ ಆಗಿದ್ದರೆ ಸಂದಿಯಲ್ಲಿ ದಾಟುತ್ತಿತ್ತು. ಆಟೋ ನಿಂತಲ್ಲೇ ನಿಂತಿತು. ಅವರು ತಲುಪಿದಾಗ ಏಳೂಕಾಲು. ಶಾಲೆಗೆ ಬೀಗ ಬಿದ್ದಿತ್ತು, ಮಗಳು ಇರಲಿಲ್ಲ. ಅಪ್ಪ ಬರುವ ದಾರಿ ಆಕೆಗೆ ಗೊತ್ತಿತ್ತು. ಎದುರಿಗೆ ಸಿಗುತ್ತಾರೆಂದು ಒಬ್ಬಳೇ ಆ ದಾರಿ ಹಿಡಿದಿದ್ದಳು. ಮೂರು ಕಿಲೋಮೀಟರ್ ಆಚೆ ಒಂದು ಇರಾನಿ ಹೋಟೆಲಿನವರು ಅಳುತ್ತಿದ್ದ ಹುಡುಗಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು ಬಿಸ್ಕತ್ತು ಕೊಟ್ಟಿದ್ದರು. ತಂದೆಯನ್ನು ನೋಡಿ ಆಕೆ ಹೇಳಿದ್ದು ಒಂದೇ ಮಾತಂತೆ: "ಬಂದ ಬಂದ ಸೈಕಲ್ ಎಲ್ಲಾ ನೋಡಿದೆ ಅಪ್ಪಾ."

ಸುದ್ದಿ ಆಡಳಿತಾಧಿಕಾರಿಗೆ ಮುಟ್ಟಿತು. ಮರುದಿನ ಇಬ್ಬರನ್ನೂ ಕರೆಸಿದರು. ನಾನು ಸುಳ್ಳು ಹೇಳಿದೆ. "ಇವರು ಸೈಕಲ್ ಕೇಳಲೇ ಇಲ್ಲ ಸಾರ್, ಬಿಟ್ಟು ಹೋದರು."

ಗುರುನಾಥ ಸಾಹೇಬರು ಅಧಿಕಾರಿಯ ಕಡೆ ತಿರುಗಿದರು. "ಪಾಸಿಗೆ ಮೊದಲೇ ಸಹಿ ತಗೊಂಡಿರಲಿಲ್ಲ, ಅದಕ್ಕೇ ಬಿಟ್ಟು ಹೋದೆ, ನನ್ನದೇ ತಪ್ಪು. ಆದರೆ ರಿಜಿಸ್ಟರಿನಲ್ಲಿ ಸೈಕಲ್ಲಿಗೆ ಒಂದು ಕಾಲಂ ಬೇಕು ಸಾರ್. ಈ ಸೂಪರ್‌ವೈಸರೇ ಗೆರೆ ಎಳೆದುಕೊಡ್ತಾರೆ," ಎಂದರು. ಗೆರೆ ಎಳೆದೆ. ತಿಂಗಳೊಳಗೆ ಗೋಡೆಯ ಪಕ್ಕ ಹನ್ನೆರಡು ಸೈಕಲ್ಲುಗಳ ಸ್ಟ್ಯಾಂಡ್ ಬಂತು. ಕ್ಯಾಂಟೀನಿನವರು, ಮಾಲಿಗಳು ಎಲ್ಲರೂ ಅಲ್ಲಿ ನಿಲ್ಲಿಸತೊಡಗಿದರು.

ಆ ವಿಚಾರಣೆಯಾಗಿ ವಾರ ಕಳೆದ ಮೇಲೆ ಅವರ ಮುಂದೆ ಕೈಮುಗಿದೆ. "ನನ್ನನ್ಯಾಕ ಉಳಿಸಿದಿರಿ?"

"ನಿಮ್ಮ ನೌಕರಿ ಹೋದ್ರ ಬೀದರದಾಗ ನಿಮ್ಮ ಮಕ್ಕಳು ಯಾರ ದಾರಿ ಕಾಯಬೇಕ್ರಿ?" ಎಂದರು. ಆಮೇಲೆ ದನಿ ಇಳಿಸಿದರು. "ಕ್ಷಮಾ ನನಗ ಬ್ಯಾಡ. ಅಪ್ಪ ಮರ್ತ ಅಂತ ಕೂಸು ತಿಳ್ಕೊಂಡೈತಿ. ಐತವಾರ ಮನಿಗೆ ಬರ್ರಿ. ಅಪ್ಪ ಮರ್ತಿರಲಿಲ್ಲ, ನಾನ ತಡದಿದ್ದೆ ಅಂತ ಆಕಿಗೆ ಹೇಳ್ರಿ. ನಾ ಹೇಳಿದ್ರ ನೆವಾ ಹೇಳ್ದಂಗ ಆಗತೈತಿ."

ಆ ಭಾನುವಾರ ಹೋಗಲಿಲ್ಲ. ಎಂಟು ವರ್ಷದ ಹುಡುಗಿಯ ಎದುರು ನಿಲ್ಲಲು ನಾಚಿಕೆಯಾಯಿತು. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಗೇಟಿನಲ್ಲಿ ಸಿಕ್ಕಾಗಲೆಲ್ಲ ನನ್ನ ಮಕ್ಕಳ ಓದು ವಿಚಾರಿಸುತ್ತಿದ್ದರು. ಅವರನ್ನು ನೋಡಿಯೇ ನಾನು ಮಕ್ಕಳನ್ನು ಬೀದರಿನಿಂದ ಕರೆತಂದು ಇಲ್ಲಿಯ ಶಾಲೆಗೆ ಹಾಕಿದೆ, ಬೆಳಗಿನ ಪಾಳಿ ಕೇಳಿಕೊಂಡು ಸಂಜೆ ಶಾಲೆಯ ಗೇಟಿನಲ್ಲಿ ನಿಲ್ಲುವುದು ಕಲಿತೆ. ಇವತ್ತು ನನ್ನ ಮಕ್ಕಳು ನನ್ನ ಜೊತೆ ಮಾತಾಡುತ್ತಾರೆಂದರೆ ಆ ಋಣ ಅವರದು.

ರಿಟೈರ್ ಆದ ಮೇಲೂ ಅವರು ಸೈಕಲ್ ಬಿಡಲಿಲ್ಲ. ಕೊನೆಯ ವಾರದವರೆಗೂ ತುಳಿದರಂತೆ. ನಿದ್ದೆಯಲ್ಲೇ ಹೃದಯ ನಿಂತಿತು. ಸುದ್ದಿ ಕೇಳಿ ಮನೆಗೆ ಹೋದೆ. ಮಗಳಿಗೀಗ ಮೂವತ್ತು ದಾಟಿದೆ. ನಾನು ಹೆಸರು ಹೇಳುತ್ತಲೇ ಕೈ ಹಿಡಿದುಕೊಂಡಳು. "ಸೈಕಲ್ ಸ್ಟ್ಯಾಂಡ್ ಅಂಕಲ್ ಅಲ್ಲೇನ್ರಿ? ಅಪ್ಪ ನಿಮ್ಮ ಬಗ್ಗೆ ಭಾಳ ಹೇಳ್ತಿದ್ರು." ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ಇಡೀ ಜೀವನದಾಗ ಒಂದ ದಿನ ನನ್ನ ಕರ್ಕೊಂಡು ಬರೋದು ಮರ್ತಿದ್ರು ನೋಡ್ರಿ. ಪಾಪ, ಕೆಲಸ ಇತ್ತೇನೋ. ಉಳಿದ ಒಂದ ದಿನಾನೂ ತಡಾ ಮಾಡ್ಲಿಲ್ಲ."

ನಾನು ತಲೆಯಾಡಿಸಿದೆ. ಚಹಾ ಕುಡಿದು ಎದ್ದು ಬಂದೆ.

ಮೂವತ್ತೊಂದು ವರ್ಷದ ಗೇಟಿನ ಕೆಲಸ ನನಗೆ ಕಲಿಸಿದ್ದು ಇಷ್ಟು: ರಿಜಿಸ್ಟರಿನಲ್ಲಿ ಕಾಲಂ ಇಲ್ಲದವನು ಬಂದಾಗ ಹೊಸ ಗೆರೆ ಎಳೆಯಬೇಕು, ಅವನನ್ನು ಏಣಿಯ ಕೆಳಗೆ ಬರೆಯಬಾರದು. ಪಾಠ ಕಲಿತೆ, ಆದರೆ ಅವರು ನನ್ನಿಂದ ಕೇಳಿದ ಒಂದೇ ಒಂದು ಮಾತನ್ನು ಆಡಲಿಲ್ಲ. ಅದನ್ನು ಇಲ್ಲಿ ಆಡುತ್ತಿದ್ದೇನೆ. ಅವತ್ತು ನಾಲ್ಕೂ ನಲವತ್ತಕ್ಕೇ ನಿಮ್ಮ ಅಪ್ಪ ಹೊರಟು ನಿಂತಿದ್ದರು. ತಡೆದವನು ನಾನು. ಅವರು ಮರೆತಿರಲಿಲ್ಲ, ಅಶ್ವಿನಿ.