ಬರೇ ನೀರು ಕೊಡದ ಮನೆ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟಿದ್ದ ನಾವು ರಾಜೇಶ್ವರದಲ್ಲಿ ಕಾರು ನಿಲ್ಲಿಸಿದ್ದೇ ನೀರಿಗಾಗಿ. ಬಾಟಲಿ ಖಾಲಿಯಾಗಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಜೊತೆಗಿದ್ದವನು ಮೈಸೂರಿನ ಗೆಳೆಯ ಶ್ರೀಧರ. ಕಾಲೇಜಿನ ದಿನಗಳಲ್ಲಿ ಒಟ್ಟಿಗೆ ನೋಡಿದ್ದ ಕಲ್ಯಾಣದ ಕೋಟೆಯನ್ನು ಈ ವಯಸ್ಸಿನಲ್ಲಿ ಮತ್ತೊಮ್ಮೆ ನೋಡಲೇಬೇಕೆಂದು ಹಟ ಹಿಡಿದವನೂ ಅವನೇ.

ರಸ್ತೆ ಪಕ್ಕದ ಮನೆಯ ಅಜ್ಜಿ ನೀರಿನ ತಂಬಿಗೆಯ ಜೊತೆ ತಟ್ಟೆಯಲ್ಲಿ ಬೆಲ್ಲ ತಂದರು. ಶ್ರೀಧರ ಕೈ ಮುಗಿದ.

"ನನಗೆ ಶುಗರ್ ಇದೆ ಅಮ್ಮಾ. ನೀರಷ್ಟೇ ಸಾಕು."

"ಬರೇ ನೀರು ಹ್ಯಾಂಗ ಕೊಡ್ಲಿರಿ?" ಎಂದವರೇ ತಂಬಿಗೆ ಸಮೇತ ಒಳಗೆ ಹೋಗಿಬಿಟ್ಟರು. ಬಾಯಾರಿದ ಗೆಳೆಯ ಬಾಗಿಲನ್ನೇ ನೋಡುತ್ತ ನಿಂತ. ನಾನು ನಗು ತಡೆದುಕೊಂಡೆ. ಅಜ್ಜಿ ಹುರಿದ ಶೇಂಗಾ ತಂದು ಅವನ ಬೊಗಸೆ ತುಂಬಿಸಿದರು. "ತಿನ್ರಿ, ಇದಕ್ಕ ನಿಮ್ಮ ಡಾಕ್ಟರು ಬ್ಯಾಡ ಅನ್ನಂಗಿಲ್ಲ." ಅವನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಮಿಕ್ಕಿದ್ದನ್ನು ಜೇಬಿಗಿಳಿಸಿದ ಮೇಲೆಯೇ ತಂಬಿಗೆ ಕೈಗೆ ಬಂತು. ಹೊರಡುವಾಗ ನಮ್ಮ ಬಾಟಲಿಯನ್ನೂ ತುಂಬಿಸಿಕೊಟ್ಟರು.

ದೂರದಿಂದ ಬರೀ ಬಂಡೆಗುಡ್ಡದಂತೆ ಕಾಣುವ ಕಲ್ಯಾಣದ ಕೋಟೆ, ಹತ್ತಿರ ಹೋದಂತೆ ಗೋಡೆಯಾಗಿ, ಬಾಗಿಲಾಗಿ ತೆರೆದುಕೊಂಡಿತು. ನಮ್ಮ ನೆನಪಿಗಿಂತ ದೊಡ್ಡದಾಗಿತ್ತು. ಮೇಲೇರಿ ಬುರುಜಿನ ನೆರಳಲ್ಲಿ ಕೂತೆವು. ಅಷ್ಟರಲ್ಲಿ ಹತ್ತಿ ಬಂದ ಹಿರಿಯರೊಬ್ಬರು ಏದುಸಿರು ಬಿಡುತ್ತ, "ಜರಾ ನೀರು ಕೊಡ್ತೀರೇನ್ರಿ?" ಎಂದರು.

ನಾನು ಬಾಟಲಿ ಚಾಚಿದೆ. ಶ್ರೀಧರ ನನ್ನ ಕೈ ಹಿಡಿದು ತಡೆದ.

"ಇರೋ, ಬರೀ ನೀರು ಹೇಗೆ ಕೊಡ್ತೀಯ?" ಎನ್ನುತ್ತ ಜೇಬಿಗೆ ಕೈ ಹಾಕಿದ.