ಜೋಸ್ಲಿನ್ ಓದದ ವಾಚನ

ಏಳು ವರ್ಷದ ಹಿಂದೆ, ತೆನೆಹಬ್ಬದ ಮುನ್ನಾದಿನ, ನಾನು ನಮ್ಮ ಫಾದರ್ ಬಳಿ ಒಂದು ಸುಳ್ಳು ಹೇಳಿದೆ. "ಜೋಸ್ಲಿನ್‌ಗೆ ಹೆದರಿಕೆಯಂತೆ ಫಾದರ್. ಓದುವುದಿಲ್ಲ ಅಂತಾಳೆ." ಹದಿಮೂರರ ಆ ಹುಡುಗಿ ಹಾಗೆ ಹೇಳಿರಲಿಲ್ಲ. ಅವಳಿಗೆ ಹೆದರಿಕೆಯೂ ಇರಲಿಲ್ಲ. ಹೆದರಿದವಳು ನಾನು.

ಈಗ ಇದನ್ನು ಬರೆಯಲು ಕಾರಣ ಒಂದು ಶಾಲು. ಕಳೆದ ತಿಂಗಳು ಪೂಜೆಯ ನಂತರ ನನ್ನನ್ನು ಮುಂದೆ ಕರೆದು ಹೊದಿಸಿದರು. "ದೇವರು ಕೊಟ್ಟ ಕಂಠವನ್ನು ತನಗೇ ಇಟ್ಟುಕೊಳ್ಳದೆ ನಮ್ಮ ಮಕ್ಕಳಿಗೆ ಓದಲು ಕಲಿಸಿದವಳು, ಧೈರ್ಯ ತುಂಬಿದವಳು" ಎಂದು ಮೈಕ್‌ನಲ್ಲಿ ಹೇಳಿದರು. ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ — ಕೈಮುಗಿದೆ! ಆ ಕೈಗಳ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ.

ಗಡಿನಾಡಿನ ಸೀತಾಂಗೋಳಿಯಿಂದ ಒಳಗೆ ಹೋಗುವ ದಾರಿಯಲ್ಲಿ ನಮ್ಮ ಸಣ್ಣ ಇಗರ್ಜಿ. ಪೂಜೆ ಕೊಂಕಣಿಯಲ್ಲಿ, ಪುಸ್ತಕಗಳು ಕನ್ನಡ ಲಿಪಿಯಲ್ಲಿ. ಮಕ್ಕಳಲ್ಲಿ ಅರ್ಧದಷ್ಟು ಮಂದಿ ಕಲಿಯುವುದು ಇಂಗ್ಲಿಷ್‌ನಲ್ಲೋ ಮಲಯಾಳದಲ್ಲೋ. ಮನೆಮಾತಿನ ಪ್ರಾರ್ಥನೆ ಅವರ ನಾಲಗೆಯ ಮೇಲಿರುತ್ತದೆ, ಅದೇ ಪ್ರಾರ್ಥನೆಯ ಪುಟ ತೆರೆದರೆ ಅಕ್ಷರ ಗೊತ್ತಿಲ್ಲ. ಇಪ್ಪತ್ತಮೂರರ ನಾನು ಆಗ ಮಂಗಳೂರಿನಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ದೊಡ್ಡ ಹಬ್ಬಗಳ ಪೂಜೆಯಲ್ಲಿ ಬೈಬಲ್ ವಾಚನವೆಲ್ಲ ನನ್ನದೇ. ಆ ವರ್ಷ ಮೊದಲ ವಾಚನವನ್ನು ಮಕ್ಕಳಿಂದ ಓದಿಸಬೇಕು, ನೀನೇ ಕಲಿಸು ಎಂದು ಫಾದರ್ ಹೇಳಿದ್ದರು. ಆರಿಸುವುದೂ ನನಗೆ ಬಿಟ್ಟದ್ದು. ನಾನು ಆರಿಸಿದ್ದು ಜೋಸ್ಲಿನ್‌ಳನ್ನು.

ಜೋಸ್ಲಿನ್‌ಳ ಅಪ್ಪ ನಮ್ಮೂರಿನವರು, ಅಮ್ಮ ಕಣ್ಣೂರಿನ ಕಡೆಯವರು. ಅವಳು ಕಲಿಯುತ್ತಿದ್ದದ್ದು ಮಲಯಾಳದಲ್ಲಿ. ಮನೆಯಲ್ಲಿ ಅಜ್ಜಿ — ಕಣ್ಣು ಪೂರ್ತಿ ಹೋಗಿತ್ತು, ಪೂಜೆಗೆ ಬಂದರೆ ಕಿವಿಯೊಂದೇ ಆಧಾರ. ಮೊಮ್ಮಗಳು ಓದುವುದನ್ನು ಕೇಳಬೇಕೆಂದು ಆ ಮುದುಕಿ ಎರಡು ವಾರದಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಹಬ್ಬದ ಮುನ್ನಾದಿನ, ಶನಿವಾರ ಸಂಜೆ, ವಾಚನದ ಪೀಠದಲ್ಲಿ ನಿಂತು ಓದುವ ಮೊದಲ ಅಭ್ಯಾಸ. ಜೋಸ್ಲಿನ್ ಓದಿದಳು. ನಾನು ಕಲಿಸಿದ ಹಾಗೆ ಅಲ್ಲ. ನಾನು ನಿಲ್ಲಿಸು ಎಂದ ಕಡೆ ಅವಳು ನಿಲ್ಲಲಿಲ್ಲ, ಅರ್ಥ ನಿಂತ ಕಡೆ ನಿಂತಳು. ಪೂಜೆ ನಡೆಯುವ ಅಲ್ತಾರಿಗೆ ಹೂ ಕಟ್ಟುತ್ತಿದ್ದ ಹಿರಿಯ ಹೆಂಗಸು ಲಿಲ್ಲಿಬಾಯಿ ಕೈಕೆಲಸ ನಿಲ್ಲಿಸಿ ಈ ಕಡೆ ನೋಡಿದರು.

"ಎಂತ ಸ್ವರ ಮಾರಾಯ್ತಿ ಈ ಹುಡುಗಿದು! ಲವೀನಾ, ಇನ್ನು ನಿನಗೆ ಪೆನ್ಶನ್ ಕೊಡ್ಲಿಕ್ಕುಂಟು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಪೀಠದ ಹತ್ತಿರ ಹೋಗಿ ನೋಡಿದೆ. ಪುಸ್ತಕದ ಮೇಲೆ ಒಂದು ಕಾಗದವಿತ್ತು. ಅಪ್ಪನಿಂದ ಓದಿಸಿಕೊಂಡು ಇಡೀ ವಾಚನವನ್ನು ಅವಳು ಮಲಯಾಳ ಅಕ್ಷರದಲ್ಲಿ ಬರೆದಿದ್ದಳು. ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ಕೆಂಪು ಚುಕ್ಕೆ.

ನನಗೆ ಬೇಕಾದದ್ದು ಸಿಕ್ಕಿತು.

"ಇದೆಲ್ಲ ಇಲ್ಲಿ ನಡೆಯುವುದಿಲ್ಲ. ಪುಸ್ತಕ ನೋಡಿ ಓದಲು ಬಾರದವರು ಈ ಪೀಠಕ್ಕೆ ಬರಬಾರದು."

ಅಂಥ ನಿಯಮ ಎಲ್ಲಿಯೂ ಇರಲಿಲ್ಲ. ಆ ಗಳಿಗೆಯಲ್ಲಿ ನಾನೇ ಮಾಡಿದ್ದು. ಜೋಸ್ಲಿನ್ ಕೇಳಿದ್ದು ಇಷ್ಟೇ — "ಓದಿದ್ದು ತಪ್ಪಾಯ್ತಾ ಟೀಚರ್?" ತಪ್ಪಾಗಿರಲಿಲ್ಲ. ಒಂದು ಪದವೂ ತಪ್ಪಿರಲಿಲ್ಲ. ನಾನು ಪುಸ್ತಕ ಮುಚ್ಚಿದೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಹೋದಳು. ನಾನು ಫಾದರ್ ಇದ್ದ ಕೋಣೆಗೆ ಹೋಗಿ —

ಮೊದಲೇ ಹೇಳಿದೆನಲ್ಲ.

ನನ್ನನ್ನು ಹೆಚ್ಚು ಉರಿಸುವುದು ಇನ್ನೊಂದು ಸಂಗತಿ. ಅದೇ ತಿಂಗಳುಗಳಲ್ಲಿ ನಾನು ಇಲ್ಲಿನ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಮಲಯಾಳ ಕಲಿಯುತ್ತಿದ್ದೆ. ಅಕ್ಷರ ಕೂಡಿ ಬಾರದಿದ್ದಾಗ ಪಾಠಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಆ ನೋಟ್ ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿ ಉಂಟು. ನನಗಾದರೆ ಅದು ಜಾಣತನ. ಆ ಮಗುವಿಗಾದರೆ ಅನರ್ಹತೆ!

ಹಬ್ಬದ ದಿನ ವಾಚನ ನಾನೇ ಓದಿದೆ. ಚೆನ್ನಾಗಿ ಓದಿದೆ — ಇದನ್ನೂ ಒಪ್ಪಿಕೊಳ್ಳಬೇಕು. ಪೂಜೆ ಮುಗಿದ ಮೇಲೆ ಅಜ್ಜಿ ತಡವುತ್ತಾ ಬಂದು ನನ್ನ ಕೈ ಹಿಡಿದರು.

"ನಮ್ಮ ಮಗು ಓದ್ತದೆ ಅಂತ ಬಂದದ್ದು ನಾನು. ಕೇಳಿದ್ದು ನಿನ್ನ ಸ್ವರ. ಎಂತಾಯ್ತು ಮಗಾ?"

"ಬರುವ ವರ್ಷ ಓದ್ತಾಳೆ ಅಜ್ಜಿ. ಈಗ ಸ್ವಲ್ಪ ಹೆದರಿಕೆ."

ಅಜ್ಜಿಯ ಮೊಣಕೈ ಹಿಡಿದು ಜೋಸ್ಲಿನ್ ಪಕ್ಕದಲ್ಲೇ ನಿಂತಿದ್ದಳು. ಅವಳ ಎದುರಿನಲ್ಲೇ ಹೇಳಿದೆ. ಅವಳು ನನ್ನನ್ನು ನೋಡಿದಳು, ಅಜ್ಜಿಯನ್ನು ಮನೆಗೆ ಕರೆದುಕೊಂಡು ಹೋದಳು. ಮುಂದಿನ ಶನಿವಾರದಿಂದ ಅಭ್ಯಾಸಕ್ಕೆ ಬರಲಿಲ್ಲ. ಬರುವ ವರ್ಷ ಬಂತು, ಹೋಯಿತು. ನಾನು ಕರೆಯಲಿಲ್ಲ. ಕಳೆದ ವರ್ಷ ಅಜ್ಜಿ ತೀರಿಕೊಂಡರು.

ಶಾಲು ಹೊದಿಸಿಕೊಂಡ ವಾರ ಅಜ್ಜಿಯ ವರ್ಷದ ಪೂಜೆ ಹತ್ತಿರ ಬಂದಿತ್ತು. ಅಂದಿನ ವಾಚನವನ್ನು ನನ್ನ ಕೈಯಾರೆ ಮಲಯಾಳ ಅಕ್ಷರದಲ್ಲಿ ಬರೆದೆ, ಉಸಿರಿನ ಜಾಗಕ್ಕೆ ಕೆಂಪು ಚುಕ್ಕೆ ಇಟ್ಟೆ. ಅದನ್ನು ಹಿಡಿದು ಅವರ ಮನೆಗೆ ಹೋಗಿ, ಅಂದು ಫಾದರ್ ಬಳಿ ಹೇಳಿದ್ದ ಸುಳ್ಳನ್ನು ಒಪ್ಪಿಕೊಂಡೆ. ಜೋಸ್ಲಿನ್‌ಗೆ ಈಗ ಇಪ್ಪತ್ತು, ನರ್ಸಿಂಗ್ ಓದುತ್ತಿದ್ದಾಳೆ. ಕಾಗದವನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮ ಮಲಯಾಳ ಅಕ್ಷರ ಚಂದ ಉಂಟು ಟೀಚರ್."

ಮತ್ತೆ ಎದ್ದು ಹೋಗಿ ಅಜ್ಜಿಯ ಹಳೆಯ ಪ್ರಾರ್ಥನೆ ಪುಸ್ತಕ ತಂದಳು. ಅಂಚು ಹರಿದ, ಕನ್ನಡ ಲಿಪಿಯ ಪುಸ್ತಕ. ನಡುವೆ ಎಲ್ಲೋ ತೆರೆದು ಓದಿದಳು. ಎಲ್ಲಿಯೂ ತಡವರಿಸಲಿಲ್ಲ.

"ಆ ವರ್ಷವೇ ಕಲ್ತೆ, ಅಪ್ಪನ ಹತ್ರ. ಅಜ್ಜಿಗೆ ದಿನಾ ಸಂಜೆ ಓದ್ಲಿಕ್ಕೆ. ನಿಮ್ಮ ಮೈಕಿಗೆ ಅಲ್ಲ."

"ಅಜ್ಜಿಯ ಪೂಜೆಗಾದರೂ..."

"ಅಜ್ಜಿಗೆ ಬೇಕಿದ್ದಾಗ ನೀವು ಬಿಡ್ಲಿಲ್ಲ. ಈಗ ಯಾರು ಕೇಳ್ಬೇಕು? ಚಾ ಕುಡಿದು ಹೋಗಿ."

ಕಾಗದವನ್ನು ನನಗೇ ವಾಪಸ್ ಕೊಟ್ಟಳು. ನಾನು ಚಾ ಕುಡಿದೆ. ಕುಡಿಯದೆ ಏಳುವ ಹಕ್ಕು ನನಗಿರಲಿಲ್ಲ.

ಮರುದಿನ ಶಾಲನ್ನು ಫಾದರ್ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಈಗಿನ ಫಾದರ್ ಹೊಸಬರು, ಒಳ್ಳೆಯವರು. "ಹೋಗಲಿ ಬಿಡು, ಆಗ ನೀನೂ ಸಣ್ಣವಳು, ಇದು ಸಣ್ಣ ವಿಷಯ" ಎಂದರು. ಅಲ್ಲ. ಕಲಿಸುವುದಕ್ಕೆಂದೇ ಸಿಕ್ಕಿದ್ದ ಕಂಠದಿಂದ ಒಂದು ಮಗುವಿನ ಬಾಯಿ ಮುಚ್ಚಿಸಿದ್ದು ಸಣ್ಣ ವಿಷಯವಲ್ಲ. ಇಪ್ಪತ್ತಮೂರು ವರ್ಷ ಸಣ್ಣ ವಯಸ್ಸೂ ಅಲ್ಲ. ನನ್ನನ್ನು ಇಷ್ಟು ಸುಲಭಕ್ಕೆ ಯಾರೂ ಬಿಡಬೇಡಿ.

ಬರುವ ಭಾನುವಾರ ಪೂಜೆಯ ನಂತರ ಇದನ್ನು ಅದೇ ಮೈಕ್‌ನಲ್ಲಿ ಓದುತ್ತೇನೆ. ಆ ಮೇಲೆ ಹಬ್ಬದ ವಾಚನ ನಾನು ಓದುವುದಿಲ್ಲ. ಶನಿವಾರದ ಅಭ್ಯಾಸಕ್ಕೆ ಯಾವ ಅಕ್ಷರದಲ್ಲಿ ಬರೆದುಕೊಂಡು ಬಂದರೂ ಸರಿ, ಪಕ್ಕದಲ್ಲಿ ಕೂತು ಕೇಳುತ್ತೇನೆ. ಇದರಿಂದ ಏನೂ ತೀರುವುದಿಲ್ಲ, ಗೊತ್ತು. ಜೋಸ್ಲಿನ್‌ಳ ಸ್ವರ ನಮ್ಮ ಇಗರ್ಜಿಯ ಪೀಠದಿಂದ ಕೇಳಿಸಿದ್ದು ಒಂದೇ ಸಲ — ಒಂದು ಶನಿವಾರ ಸಂಜೆ. ಅದನ್ನು ಕೇಳಬೇಕಾಗಿದ್ದ ಅಜ್ಜಿ ಆ ಹೊತ್ತಿಗೆ ಮನೆಯಲ್ಲಿ ನಾಳೆಗಾಗಿ ಕಾಯುತ್ತಿದ್ದರು.